ಹೊಳೆಯದ ನಾಲ್ಕು ಬೋಲ್ಟು

ಗುಂಡಮ್ಮನಿಗೆ ಸ್ಟೀಲಿನ ಮೇಲಿದ್ದಷ್ಟು ಪ್ರೀತಿ ಸ್ವಂತ ಮಗನ ಮೇಲಾದರೂ ಇತ್ತೋ ಇಲ್ಲವೋ, ದೇವರೇ ಬಲ್ಲ. ಗುರುಮಿಠಕಲ್ ಕಡೆಯಿಂದ ಹೈದರಾಬಾದಿಗೆ ಕೂಲಿಗೆ ಬಂದವರ ಆ ಮನೆಯಲ್ಲಿ ಮಂಚವಿಲ್ಲದಿದ್ದರೂ ಗೋಡೆಯ ಹಲಗೆಯ ಮೇಲೆ ಸ್ಟೀಲ್ ತಂಬಿಗೆ, ಡಬ್ಬಿ, ತಾಟುಗಳು ಸಾಲಾಗಿ ಫಳಫಳ ಎನ್ನುತ್ತಿದ್ದವು. ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಆ ಹಲಗೆಯ ದರ್ಶನವಾಗಬೇಕು. ಅಂಥ ಅತ್ತೆಯ ಕೈಕೆಳಗೆ ವರ್ಷಗಟ್ಟಲೆ ಪಾತ್ರೆ ತಿಕ್ಕಿದ ರೇಣುಕಾ ಹೊಳೆಯುವುದೆಲ್ಲ ಗಟ್ಟಿ ಎಂದು ನಂಬಿದ್ದರೆ ತಪ್ಪು ಅವಳೊಬ್ಬಳದೇ ಅಲ್ಲ.

ರೇಣುಕಾ ಸಾಮಾನ್ಯ ಹೆಂಗಸಲ್ಲ. ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದಾಗ ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತವಳು. ಕತ್ತು ಸೋತ ಮೇಲೆ ಕುಷಾಯಿಗೂಡದ ಹುಸೇನಪ್ಪನ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಕೆಲಸ ಹಿಡಿದಳು. ಡೀಸೆಲ್ಲಿನಲ್ಲಿ ಕೈ ಅದ್ದಿ ತೊಳೆಯುತ್ತ ತೊಳೆಯುತ್ತ ಪಾನಾ ಹಿಡಿದಳು. ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ಒಂದು ದಿನ ಸ್ಟಿಯರಿಂಗನ್ನೂ ಹಿಡಿಯಿತು. ಗ್ಯಾರೇಜಿನ ಮೂಲೆಯಲ್ಲಿ ಹುಲ್ಲು ಬೆಳೆಸಿಕೊಂಡು ನಿಂತಿದ್ದ ಹಳೆಯ ವ್ಯಾನನ್ನು ಅವಳೂ ಹುಸೇನಪ್ಪನೂ ಸೇರಿ ಎಬ್ಬಿಸಿದರು. ಹೆಂಗಸು ವ್ಯಾನ್ ಓಡಿಸುತ್ತಾಳೆಂದು ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. ಅವರು ಬೆರಳು ತೆಗೆಯುವುದರೊಳಗೆ ಒಂದು ಕಂಪನಿಯ ಹುಡುಗಿಯರನ್ನು ಬೆಳಿಗ್ಗೆ ಮಾದಾಪುರಕ್ಕೆ ಬಿಟ್ಟು ಸಂಜೆ ಮನೆ ಮುಟ್ಟಿಸುವ ಕೆಲಸ ಅವಳ ಕೈಗೆ ಬಂದಿತ್ತು.

ಒಂದೇ ಕೊರಗು. ಬೇರೆ ಗಾಡಿಗಳಲ್ಲಿ ಹುಡುಗಿಯರು ಸಂಜೆ ಹತ್ತಿದ ಕೂಡಲೇ ತಲೆ ವಾಲಿಸಿ ನಿದ್ದೆ ಹೋಗುತ್ತಿದ್ದರಂತೆ. ರೇಣುಕಾಳ ಗಾಡಿಯಲ್ಲಿ ಮಾತ್ರ ಎಲ್ಲರೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು, ಅವಳ ಬದಲು ತಾವೇ ರಸ್ತೆ ಕಾಯುತ್ತಿದ್ದರು. ಕನ್ನಡಿಯಲ್ಲಿ ಅದನ್ನು ಕಂಡಾಗೆಲ್ಲ ಅವಳು ಗಾಡಿಯ ವೇಗ ಇನ್ನಷ್ಟು ಇಳಿಸುತ್ತಿದ್ದಳು.

ಅದರ ಮೇಲೆ ವ್ಯಾನು ಗುಂಯ್‌ಗುಡತೊಡಗಿತು. ಬಲಕ್ಕೆ ತಿರುಗಿದರೆ ಸದ್ದು ಏರುತ್ತಿತ್ತು, ಎಡಕ್ಕೆ ತಿರುಗಿದರೆ ಇಳಿಯುತ್ತಿತ್ತು. ಬಲ ತಿರುವಿನಲ್ಲಿ ಎಡಗಡೆಗೆ ಭಾರ ಬಿದ್ದಾಗ ನರಳುತ್ತಿರುವುದು ಹಿಂದಿನ ಎಡ ಚಕ್ರದ ಬೇರಿಂಗೇ ಎಂದು ರೇಣುಕಾಳಿಗೆ ತಿಳಿಯಿತು. ಕಂಪನಿಯ ಗಾಡಿಗಳನ್ನು ನೋಡಿಕೊಳ್ಳುವ ಸೂಪರ್‌ವೈಸರಿಗೆ ಅಷ್ಟೇ ಸಾಕಾಯಿತು. ಶನಿವಾರ ಸಂಜೆ ತಾನೇ ಕೂತು ನೋಡುತ್ತೇನೆ, ಸದ್ದು ಬಂದರೆ ಸೋಮವಾರದಿಂದ ಬೇರೆ ಗಾಡಿ ಎಂದುಬಿಟ್ಟ.

ಶನಿವಾರ ಬೆಳಿಗ್ಗೆ ಹುಡುಗಿಯರನ್ನು ಬಿಟ್ಟವಳೇ ರೇಣುಕಾ ಗ್ಯಾರೇಜಿಗೆ ಬಂದು ಚಕ್ರ ಬಿಚ್ಚಿದಳು. ಹುಸೇನಪ್ಪ ಸವೆದ ಬೇರಿಂಗನ್ನು ಆಕ್ಸಲಿನಿಂದ ಒತ್ತಿ ತೆಗೆದು ಹೊಸದನ್ನು ಕೂರಿಸಿಕೊಟ್ಟ. ಆದರೆ ಅದನ್ನು ಬಿಗಿಹಿಡಿಯುವ ನಾಲ್ಕು ಬೋಲ್ಟುಗಳಲ್ಲಿ ಎರಡು ಬಿಚ್ಚುವಾಗಲೇ ಮುರಿದಿದ್ದವು, ಉಳಿದೆರಡು ತುಕ್ಕು ತಿಂದಿದ್ದವು. ಅವು ಸೋತರೆ ಆಕ್ಸಲ್ಲು, ಚಕ್ರ ಎಲ್ಲ ಸೇರಿ ಹೊರಗೆ ಜಾರಿ ಬರುತ್ತವೆ. ಹುಸೇನಪ್ಪನ ಮೊಪೆಡ್ ಹತ್ತಿ ಅವಳು ರಾಣಿಗಂಜ್ ಬಜಾರಿಗೆ ಓಡಿದಳು.

ಅಂಗಡಿಯಲ್ಲಿ ಹಳೆಯ ಬೋಲ್ಟಿನ ಉದ್ದ ನೋಡಿದಳು, ದಪ್ಪ ನೋಡಿದಳು. ಹಳೆಯದರ ಮಗ್ಗುಲಿಗೆ ಹೊಸದನ್ನಿಟ್ಟು ಸುರುಳಿ ಕೊರೆದ ಥ್ರೆಡ್ಡಿಗೆ ಥ್ರೆಡ್ಡು ಕೂಡುತ್ತದೆಯೇ ಎಂದು ಬೆಳಕಿಗೆ ಹಿಡಿದಳು. ಎಲ್ಲ ಸರಿ. ಒಂದು ಡಬ್ಬಿಯಲ್ಲಿ ಎಣ್ಣೆ ಮೆತ್ತಿದ ಕರೀ ಬೋಲ್ಟುಗಳು, ಇನ್ನೊಂದರಲ್ಲಿ ಕನ್ನಡಿಯಂಥ ಸ್ಟೇನ್‌ಲೆಸ್ ಸ್ಟೀಲಿನವು. ಗುಂಡಮ್ಮನ ಸೊಸೆ ಯಾವುದನ್ನು ಆರಿಸಿಯಾಳು? ಅಂಗಡಿಯವನು ಬಾಯಿ ತೆರೆಯುವ ಮೊದಲೇ ಹೊಳೆಯುವ ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡಳು.

ರೊಟ್ಟಿ ಬುತ್ತಿ ಹೊತ್ತು ಗ್ಯಾರೇಜಿಗೆ ಬಂದಿದ್ದ ಗುಂಡಮ್ಮನ ಕಣ್ಣು ಮೊದಲು ಬಿದ್ದದ್ದೇ ಬೋಲ್ಟುಗಳ ಮೇಲೆ.

"ಏನ್ ಚಂದ ಅದಾವ ನೋಡವ್ವಾ! ಮಕ್ಕಳ ಕಾಲಕ್ಕೂ ತುಕ್ಕು ಹಿಡ್ಯಂಗಿಲ್ಲ."

ಮೂರು ಬೋಲ್ಟು ಬಿಗಿದು ಕೂತವು. ನಾಲ್ಕನೆಯದು ಬಿಗಿಯುವಾಗ ರೇಣುಕಾಳ ಕೈ ತಡೆಯಿತು. ಕಲ್ಲಿನ ಹಾಗೆ ಎದುರು ನಿಲ್ಲಬೇಕಾದದ್ದು ಬೆಲ್ಲದ ಪಾಕದ ಹಾಗೆ ಜಗ್ಗುತ್ತಿತ್ತು. ಬಿಚ್ಚಿ ನೋಡಿದರೆ ಕುತ್ತಿಗೆ ಸಣ್ಣಗಾಗಿ, ಥ್ರೆಡ್ಡು ಎಳೆದುಕೊಂಡಿತ್ತು. ಹಳೆಯ ಬೋಲ್ಟನ್ನು ಹೆಕ್ಕಿ ತಂತಿಯ ಬ್ರಷ್ಷಿನಿಂದ ತಲೆ ಉಜ್ಜಿದಳು. ತುಕ್ಕಿನ ಕೆಳಗಿನಿಂದ 10.9 ಎಂಬ ಅಂಕಿ ಎದ್ದಿತು. ಹೊಸದರ ತಲೆಯ ಮೇಲೆ ಆ ಅಂಕಿ ಇರಲಿಲ್ಲ.

"ಅದು ಕಸುವಿನ ಅಂಕಿ, ರೇಣವ್ವಾ," ಎಂದ ಹುಸೇನಪ್ಪ, ತಲೆ ಕೆರೆದುಕೊಂಡು. "ನಾನೂ ನೋಡ್ಲಿಲ್ಲ. ಈ ಹೊಸಾದು ತುಕ್ಕಿಗೆ ಜಗ್ಗಂಗಿಲ್ಲ, ಭಾರಕ್ಕ ಜಗ್ಗತೈತಿ. ಆದ್ರೂ ಮೂರು ಕುಂತಾವಲ್ಲ? ಇವತ್ತೊಂದಿನ ಸಾಯೇಬಗ ತೋರ್ಸಿ ಬಾ. ನಾಳೆ ಬದಲಿ ಮಾಡೂಣು."

"ಇವತ್ತು ಕುಂಡ್ರೋರು ಮನಷ್ಯಾರಲ್ಲೇನು ಕಾಕಾ?"

ಅಷ್ಟು ಹೇಳಿ ರೇಣುಕಾ ಬಿಗಿದ ಮೂರನ್ನೂ ಬಿಚ್ಚಿದಳು. ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೆಯೇ. ಗುಂಡಮ್ಮ ಮಾತ್ರ ನಾಲ್ಕೂ ಬೋಲ್ಟುಗಳನ್ನು ಒರೆಸಿ ಸೆರಗಿಗೆ ಕಟ್ಟಿಕೊಂಡಳು. ಪಾತ್ರೆಯ ಹಲಗೆಗೆ ಹೊಡೆಸಿದರೆ ಒಪ್ಪುತ್ತವೆಯಂತೆ.

ಮತ್ತೆ ರಾಣಿಗಂಜಿಗೆ ಹೊರಡುವ ಮೊದಲು ರೇಣುಕಾ ಪ್ರಿಯಂವದಾಳಿಗೆ ಫೋನ್ ಮಾಡಿದಳು. ಮಲ್ಕಾಜ್‌ಗಿರಿಯ ರೈಲ್ವೆ ಗುಮಾಸ್ತರ ಮಗಳು ಪ್ರಿಯಂವದಾ, ವ್ಯಾನಿನ ಹುಡುಗಿಯರಲ್ಲಿ ಕನ್ನಡ ಬಲ್ಲವಳು.

"ತಂಗಿ, ಬೋಲ್ಟು ತಪ್ಪು ತಂದಿದ್ದೆ. ತಪ್ಪು ನಂದೇ. ಸರಿ ಮಾಡೇ ಬರ್ತೀನಿ, ತಡ ಆಕ್ಕೈತಿ. ನಿಮ್ಮ ಸಾಯೇಬರು ಬ್ಯಾರೆ ಗಾಡಿ ಕೊಟ್ರ ಹೋಗ್ರಿ."

ಆ ಕಡೆಯಿಂದ "ಆತು" ಎಂದಷ್ಟೇ ಕೇಳಿಸಿ ಫೋನು ಕಟ್ಟಾಯಿತು. ಮುಗಿಯಿತು ನನ್ನ ಕಥೆ ಎಂದುಕೊಂಡಳು ರೇಣುಕಾ.

ಈ ಸಲ ಅಂಗಡಿಯಲ್ಲಿ ಮೊದಲು ತಲೆ ನೋಡಿ ಆಮೇಲೆ ಮೈ ನೋಡಿದಳು. 10.9 ಅಂಕಿಯ ಕರೀ ಬೋಲ್ಟು, ಅದೇ ಉದ್ದ, ಅದೇ ಥ್ರೆಡ್ಡು. ನೋಡಲು ಇದ್ದಿಲು ಬಳಿದುಕೊಂಡ ಹಾಗೆ. ಗ್ಯಾರೇಜಿನಲ್ಲಿ ಬಿಗಿದಾಗ ನಾಲ್ಕೂ ಪಾನಾಗೆ ಎದೆಗೊಟ್ಟು ನಿಂತವು. ಚಕ್ರವನ್ನು ಕೈಯಿಂದ ತಿರುಗಿಸಿದಳು, ಉಸಿರಿನಷ್ಟೂ ಸದ್ದಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹೊರಡಿಸಿದಳು.

ಮಾದಾಪುರ ಮುಟ್ಟುವಾಗ ಬಿಸಿಲು ಇಳಿದಿತ್ತು. ಗೇಟಿನಲ್ಲಿ ಇನ್ನೊಂದು ವ್ಯಾನು ನಿಂತಿದ್ದು ಕಂಡು ರೇಣುಕಾ ಗಾಡಿ ನಿಧಾನಿಸಿದಳು. ಆದರೆ ಅದು ಖಾಲಿ. ಅದರ ಡ್ರೈವರ್ ಮುಖ ಊದಿಸಿಕೊಂಡು ಪಾನ್ ಜಗಿಯುತ್ತಿದ್ದ. ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು.

"ಹತ್ತಲಿಲ್ಲ ಯಾಕ್ರಿ?" ಎಂದಳು.

"ತಪ್ಪು ನಂದು ಅಂತ ಹೇಳೋ ಡ್ರೈವರ್ ಈ ಊರಾಗ ಎಷ್ಟು ಮಂದಿ ಇದ್ದಾರ, ಅಕ್ಕಾ?" ಎಂದು ಪ್ರಿಯಂವದಾ ಎದ್ದು ನಿಂತಳು. "ಕಾಯೋಣ ಅಂದೆ. ಎಲ್ಲಾರೂ ಕೂತ್ರು."

ಸೂಪರ್‌ವೈಸರ್ ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತ. ರೇಣುಕಾ ಗಾಡಿಯನ್ನು ಓಡಿಸಿ ಬಲಕ್ಕೆ ತಿರುಗಿಸಿದಳು. ಮತ್ತೊಮ್ಮೆ ಬಲಕ್ಕೆ. ಅವನು ಕಿಟಕಿಯಿಂದ ತಲೆ ಹೊರಹಾಕಿ ಕಿವಿಗೊಟ್ಟ.

"ಆವಾಜ್ ಕಹಾಂ ಗಯೀ?" ಎಂದ, ಸದ್ದು ಎಲ್ಲಿ ಹೋಯಿತೆಂದು ಹುಡುಕುವವನ ಹಾಗೆ.

"ರಾಣಿಗಂಜ್ ಮೇ ಛೋಡ್ ಕೆ ಆಯೀ, ಸಾಬ್," ಎಂದಳು ರೇಣುಕಾ. ಸದ್ದನ್ನು ರಾಣಿಗಂಜಿನಲ್ಲೇ ಬಿಟ್ಟು ಬಂದಳಂತೆ! ಅವನೂ ನಕ್ಕುಬಿಟ್ಟ. ಗೇಟಿಗೆ ಮರಳಿ ಇಳಿಯುತ್ತ ಖಾಲಿ ವ್ಯಾನಿನವನಿಗೆ ಹೋಗೆಂದು ಕೈಬೀಸಿದ. ರೂಟು ಅವಳದೇ.

ಹುಡುಗಿಯರು ಹತ್ತಿದರು. ಗಾಡಿ ಟ್ರಾಫಿಕ್ಕಿನಲ್ಲಿ ತೆವಳುತ್ತ, ಸಂದು ಸಿಕ್ಕಲ್ಲಿ ಓಡುತ್ತ ಸಿಕಂದರಾಬಾದು ದಾಟಿತು. ಮೊದಲೆಲ್ಲ ಎದೆ ನಡುಗಿಸುವಂತೆ ಗುಂಯ್ ಎನ್ನುತ್ತಿದ್ದ ದೊಡ್ಡ ಬಲ ತಿರುವು ಬಂದಾಗ ರೇಣುಕಾ ರೂಢಿಯಂತೆ ಕನ್ನಡಿಯತ್ತ ಕಣ್ಣೆತ್ತಿದಳು. ಕಂಬಿಯ ಮೇಲೆ ಒಂದೂ ಕೈ ಇರಲಿಲ್ಲ. ಒಬ್ಬಳ ತಲೆ ಇನ್ನೊಬ್ಬಳ ಹೆಗಲಿಗೆ ವಾಲಿತ್ತು. ಪ್ರಿಯಂವದಾ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗಾಡಿ ತಿರುಗಿದಾಗ ಎಲ್ಲರೂ ಒಟ್ಟಿಗೆ ಒಂದು ಕಡೆ ವಾಲಿದರೇ ಹೊರತು ಯಾರೂ ಕಣ್ಣು ತೆರೆಯಲಿಲ್ಲ.

ಮಲ್ಕಾಜ್‌ಗಿರಿ ಬಂತು. ರೇಣುಕಾ ಬ್ರೇಕನ್ನು ಮೆತ್ತಗೆ ಒತ್ತಿ ಗಾಡಿ ನಿಲ್ಲಿಸಿದಳು. ಎಬ್ಬಿಸಬೇಕಿತ್ತು, ಮನಸ್ಸು ಬರಲಿಲ್ಲ. ಎಂಜಿನ್ ಆರಿಸಿ, ಕಣ್ಣೊರೆಸಿಕೊಂಡು, ಆ ಗೊರಕೆಯನ್ನು ಹೊಟ್ಟೆ ತುಂಬ ಕೇಳುತ್ತ ಸ್ವಲ್ಪ ಹೊತ್ತು ಹಾಗೇ ಕೂತಳು.