ಲೋಕ ಮುಳುಗಿದ ಮೇಲೊಂದು ಕೈಪಂಪು

ಕೆಟ್ಟ ಮೊಬೈಲ್ ಹಿಡಿದು ಶಿರಹಟ್ಟಿಯ ರಿಪೇರಿ ಅಂಗಡಿಗೆ ಹೋಗಿದ್ದೆ. ತಾಸು ಹಿಡಿಯುತ್ತದೆ ಎಂದ ಅಂಗಡಿಯಾಕೆ, ನನ್ನ ಮುಖ ನೋಡಿ ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಲೋಕ ಮುಳುಗಿ ಹೋದ ಮ್ಯಾಲಿನ ಆಟರಿ ಕಾಕಾ. ಎಲ್ಲಿ ಬೇಕಾದ್ರೂ ಅಡ್ಡಾಡ್ರಿ, ಏನ್ ಬೇಕಾದ್ರೂ ಮಾಡ್ರಿ."

ಪರದೆಯ ಮೇಲೆ ಊರೆಲ್ಲ ಪಾಳು ಬಿದ್ದಿತ್ತು. ಆಟದಲ್ಲಿ ನನಗೆ ಬಾಯಾರಿಕೆ. ನೀರು ಸಿಗದಿದ್ದರೆ ಸಾಯುತ್ತೇನಂತೆ. ಓಣಿಯ ಮೂಲೆಯಲ್ಲಿ ಒಂದು ಕೈಪಂಪು ಕಂಡಿತು. ಮುಂಡರಗಿ ಕಡೆ ಮೂವತ್ತು ವರ್ಷ ಕೈಪಂಪು ರಿಪೇರಿ ಮಾಡಿದವನು ನಾನು. ನೆಟ್ಟಗೆ ಅಲ್ಲಿಗೇ ಹೋದೆ. ಇದ್ದ ಬಟನ್ ಎಲ್ಲ ಒತ್ತಿದೆ. ಹಿಡಿಕೆ ಅಲುಗಲಿಲ್ಲ.

"ಅದು ಬರೇ ನೋಡಾಕರಿ. ಅಲ್ಲೊಬ್ಬ ಮುದುಕ ಕುಂತಾನಲ್ಲ, ಅವಂಗ ಗುಂಡು ಹೊಡೀರಿ. ಅವನ ಹತ್ರ ನೀರಿನ ಬಾಟ್ಲಿ ಐತಿ."

"ಪಂಪ್ ಬಿಚ್ಚಾಕ ಪಾನಾ ಎಲ್ಲೈತಿ?"

"ಪಾನಾ ಇಲ್ರಿ. ಹತ್ತಾರು ನಮೂನಿ ಬಂದೂಕ ಅದಾವು."

"ಹಂಗಾರ ಏನ್ ಬೇಕಾದ್ರೂ ಮಾಡ್ರಿ ಅಂತ ಯಾಕ ಅಂದಿ, ಯವ್ವಾ?"

ಆಕೆ ನಕ್ಕಳು. ನಾನು ನಗಲಿಲ್ಲ. ಹೋಗಿ ಆ ಮುದುಕನ ಪಕ್ಕ ನಿಂತೆ. ಬಂದೂಕು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

"ಸತ್ರಿ ಕಾಕಾ. ಗುಂಡು ಹೊಡದಿದ್ರ ಉಳೀತಿದ್ರಿ."

"ಹಿಡಿಕಿಗೆ ತುಕ್ಕು ಹಿಡದಿತ್ತು, ಒಳಗ ಚರ್ಮದ ವಾಷರ್ ಹೋಗಿರತೈತಿ, ಅಷ್ಟ. ಹಳೇ ಚಪ್ಪಲಿ ಕತ್ತರಿಸಿ ಹಾಕಿದ್ರ ಆ ಮುದುಕನೂ ಕುಡೀತಿದ್ದ, ನಾನೂ ಕುಡೀತಿದ್ದೆ."

ಆಟ ಕಟ್ಟಿದವರಿಗೆ ಬಂದೂಕು ಗೊತ್ತು, ಪಂಪು ಗೊತ್ತಿಲ್ಲ. ಲೋಕ ನಿಜಕ್ಕೂ ಮುಳುಗಿದರೆ ನನಗೊಂದು ಫೋನ್ ಮಾಡಲಿ, ಪಾನಾ ಹಿಡಿದು ಬರುತ್ತೇನೆ. ಆದರೆ ಆಕೆ ಆ ಮೊಬೈಲನ್ನು ಇನ್ನೂ ರಿಪೇರಿ ಮಾಡಿ ಕೊಟ್ಟಿಲ್ಲ.