ಅಣ್ಣ ಹೋದ ವಾರ ಕೆರೆಗೆ ಬಂದವರು

ಬೆಳುವಾಯಿಯ ನಮ್ಮ ಮನೆಯ ಕೆರೆಯನ್ನು ಹೊರಗಿನವರಿಗೆ ತೆರೆದವನು ಅಣ್ಣ. ಬೇಸಗೆಯಲ್ಲಿ ನೀರು ಸೊಂಟದ ಮಟ್ಟಕ್ಕೆ ಇಳಿದ ಮೇಲೆ ಆದಿತ್ಯವಾರಕ್ಕೆ ಒಂದರಂತೆ ಗುಂಪುಗಳು ಬಂದು ಮೀನು ಹಿಡಿಯಬಹುದಿತ್ತು. ಮೊದಲೇ ಹೇಳಿ ಕಳಿಸಬೇಕು, ಕುಡಿದು ನೀರಿಗೆ ಇಳಿಯಬಾರದು, ಮರಿಗಳನ್ನು ವಾಪಸು ಬಿಡಬೇಕು, ಸಿಕ್ಕಿದ್ದರಲ್ಲಿ ಮನೆಗೊಂದು ಪಾಲು. ಅವನ ಕಾನೂನು ಅಷ್ಟೇ. ಪುತ್ತಿಗೆ ಕಡೆಯ ಮಾಸ್ತರರು ಬರುತ್ತಿದ್ದರು, ಮಡಂತ್ಯಾರು ಪೇಟೆಯ ಬ್ಯಾರಿ ಮುಸಲ್ಮಾನ ವ್ಯಾಪಾರಿಗಳು ಬರುತ್ತಿದ್ದರು. ಅಣ್ಣ ಎಲ್ಲರಿಗಿಂತ ಮೊದಲು ನೀರಿಗಿಳಿದು ಕೆಸರು ಎಲ್ಲಿ ಆಳ ಎಂದು ತೋರಿಸುತ್ತಿದ್ದ. ದಂಡೆಯ ಮೇಲೆ ಗಂಜಿ, ಚಟ್ನಿಯ ಉಸ್ತುವಾರಿ ನನ್ನದು.

ಐವತ್ತರ ದಶಕದ ಕೊನೆಯ ಒಂದು ಬೇಸಗೆ. ಅಣ್ಣನಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದ, ಹತ್ತನೆಯ ದಿನ ಹೋದ. ನನಗೆ ಅಳು ಬರಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ. ನೆಂಟರ ಹೆಂಗಸರು ನನ್ನ ಮುಖ ನೋಡಿ ತಮ್ಮತಮ್ಮಲ್ಲೇ ಏನೋ ಅಂದುಕೊಂಡರು.

ಐದನೆಯ ದಿನ ಆದಿತ್ಯವಾರ. ಬೆಳಿಗ್ಗೆ ಅಂಗಳದಲ್ಲಿ ಮಾತು ಕೇಳಿಸಿತು. ಹೊರಗೆ ಬಂದರೆ ಮಡಂತ್ಯಾರಿನ ಹತ್ತು ಹನ್ನೆರಡು ಜನ, ಹೆಗಲ ಮೇಲೆ ಬಲೆ. ಅವರಿಗೆ ಹೇಳಿ ಕಳಿಸಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮುಂದೆ ನಿಂತಿದ್ದವರು ಜವಳಿ ಅಂಗಡಿಯ ಹಿರಿಯರು.

"ಅಣ್ಣ ಎಲ್ಲಿದ್ದಾರೆ ತಂಗಿ?"

"ಬುಧವಾರ ತೀರಿಹೋದ, ಸಾಹೇಬರೇ."

ಅವರು ಬಲೆಯನ್ನು ಕೆಳಗಿಟ್ಟರು. ಆಮೇಲೆ ಅವರು ತಮ್ಮವರ ಕಡೆ ತಿರುಗಿ, "ವಾಪಸು ಹೋಗುವ" ಎಂದರು.

"ಬೇಡ," ಎಂದೆ. "ಈ ದಿನ ಕೊಟ್ಟದ್ದು ಅವನೇ. ಹಿಡಿದುಕೊಂಡೇ ಹೋಗಿ."

ಹಾಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಕೆರೆಯ ಹತ್ತಿರ ಹೋದ ಮೇಲೆ ಅವರೆಲ್ಲ ದಂಡೆಯಲ್ಲೇ ನಿಂತರು. ಆಳ ತೋರಿಸುವವರು ಇರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಕಾಲಿಗೆ ಕೆಸರು ತಣ್ಣಗಿತ್ತು. ಬೇರೇನೂ ಅನ್ನಿಸಲಿಲ್ಲ. "ಇಲ್ಲಿ ಬೇಡ, ಹೂಳು ಉಂಟು. ಆ ಕಲ್ಲಿನಿಂದ ಈಚೆಗೆ ಬನ್ನಿ," ಎಂದು ಹೇಳುತ್ತಾ ಹೋದೆ. ಗಟ್ಟಿ ಸ್ವರದಲ್ಲೇ ಹೇಳಿದೆನಂತೆ.

ಅವರು ಎಂದಿನಂತೆ ಗಲಾಟೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತುಂಬ ಮುಗುಡು ಮೀನು ಸಿಕ್ಕಿತ್ತು. ಹಿರಿಯರು ಮನೆಯ ಪಾಲನ್ನು ಒಂದು ಹಂಡೆಗೆ ಹಾಕಿ ಅಂಗಳಕ್ಕೆ ತಂದು ನನ್ನ ಮುಂದೆ ಇಟ್ಟರು.

"ಅಣ್ಣನ ಉತ್ತರಕ್ರಿಯೆಯ ಬೊಜ್ಜ ಕಳೆಯದೆ ನಮ್ಮ ಅಡುಗೆಮನೆಗೆ ಮೀನು ಬರುವ ಹಾಗಿಲ್ಲ," ಎಂದೆ.

ಅವರು ತಲೆ ಅಲ್ಲಾಡಿಸಿದರು. ಅದನ್ನು ತಮ್ಮ ಬುಟ್ಟಿಗೆ ಹಾಕಿಕೊಳ್ಳಲಿಲ್ಲ. ಮುಗುಡು ನೀರು ಬಿಟ್ಟರೂ ಬಹಳ ಹೊತ್ತು ಬದುಕುತ್ತದೆ. ಹಂಡೆಯನ್ನು ತಾವೇ ಹೊತ್ತು ದಂಡೆಗೆ ಹೋಗಿ, ಒಂದೊಂದಾಗಿ ನೀರಿಗೆ ಬಿಟ್ಟರು. ಕೊನೆಯದನ್ನು ಬಿಟ್ಟು ಕೈ ತೊಳೆದುಕೊಂಡು ಬಂದು, "ಇನ್ನು ಒಳಗೆ ಹೋಗು ತಂಗಿ, ಒದ್ದೆಯಲ್ಲಿ ನಿಲ್ಲಬೇಡ," ಎಂದರು.

ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಅಮ್ಮ ಕೇಳಿದರು, "ಯಾರು ಬಂದದ್ದು?"

"ಮಡಂತ್ಯಾರಿನವರು."

"ಮೀನು ಸಿಕ್ಕಿತಾ ಅವರಿಗೆ?"

"ಸಿಕ್ಕಿತು."

ಅಮ್ಮ ಕಣ್ಣು ಮುಚ್ಚಿಕೊಂಡರು. ನಾನು ಸೀರೆ ಬದಲಿಸಿದೆ. ಬೊಜ್ಜದ ದಿನವೂ ನನಗೆ ಅಳು ಬರಲಿಲ್ಲ.

ಮುಂದಿನ ವರ್ಷ ನೀರು ಇಳಿದಾಗ ಮಡಂತ್ಯಾರಿನಿಂದ ಒಂದು ಚೀಟಿ ಬಂತು, ನನ್ನ ಹೆಸರಿಗೆ. ಯಾವ ಆದಿತ್ಯವಾರ ಬರಬಹುದು ಎಂದು ಕೇಳಿದ್ದರು. ತಿಂಗಳ ಎರಡನೆಯದು ಎಂದು ಬರೆದು ಕಳಿಸಿದೆ.