ಹೊಸ್ತಿಲ ಹೊರಗೆ ಬಿಟ್ಟ ಬಿಳಿ ಶೂ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಹೈದರಾಬಾದಿನ ನಾರಾಯಣಗೂಡದಲ್ಲಿ, ಹೆಣ್ಣುಮಕ್ಕಳ ಖಾಸಗಿ ಹಾಸ್ಟೆಲೊಂದರ ಅಡುಗೆಮನೆಯ ಹೊಸ್ತಿಲಿನ ಹೊರಗೆ, ಎಡಗಡೆ, ನೀರಿನ ಫಿಲ್ಟರಿಗೆ ಬೆನ್ನು ಕೊಟ್ಟು. ಫೆಬ್ರವರಿ ಕೊನೆಯ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ. ಗಡಿಯಾರ ಎದುರಿನ ಗೋಡೆಯ ಮೇಲಿತ್ತು, ಅದಕ್ಕೇ ಸಮಯ ನೆನಪಿದೆ. ಒಲೆಗೂ ನನಗೂ ನಡುವೆ ಹನ್ನೆರಡು ಅಡಿ ಇದ್ದಿರಬಹುದು. ಅಷ್ಟು ದೂರದಿಂದ ಕಂಡದ್ದನ್ನೇ ಬರೆಯುತ್ತೇನೆ. ಆದರೆ ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಮೊದಲು ಹೇಳಬೇಕು.

ಕಲಬುರಗಿಯಿಂದ ನಾನು ಹೊರಟದ್ದು ಅದಕ್ಕೆ ಎಂಟು ದಿನ ಮೊದಲು. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದು ನಿವೃತ್ತನಾದವನು ನಾನು. ಬಿದ್ದವರನ್ನು ಎಬ್ಬಿಸಿ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸವಾಗಿತ್ತು. ಹೈದರಾಬಾದಿನ ಸಣ್ಣ ಸೇವಾಸಂಸ್ಥೆಯೊಂದರಲ್ಲಿರುವ ಹಳೆಯ ಗೆಳೆಯ ಫೋನ್ ಮಾಡಿದ್ದ. ಸ್ಕಾಟ್ಲೆಂಡಿನಿಂದ ಇಬ್ಬರು ಬರುತ್ತಾರೆ, ತಮ್ಮ ರಜೆ ಹಾಕಿ, ತಮ್ಮದೇ ಖರ್ಚಿನಲ್ಲಿ. ಒಬ್ಬರು ಕೃತಕ ಕಾಲು ಮಾಡುವವರು, ಇನ್ನೊಬ್ಬರು ನನ್ನಂತೆಯೇ ಫಿಸಿಯೋ. ಕನ್ನಡ, ಹಿಂದಿ, ಅಷ್ಟಿಷ್ಟು ತೆಲುಗು ಬರುವ, ಈ ಕೆಲಸ ಗೊತ್ತಿರುವ ಒಬ್ಬರು ಮಾತು ದಾಟಿಸಲು ಬೇಕು. "ಮನ್ಯಾಗ ಕುಂತ್ ಏನ್ ಮಾಡಾಕತ್ತಿ, ಬಾ" ಎಂದ. ಹೋದೆ.

ಸ್ಲೀಪರ್ ಟಿಕೆಟ್ಟಿಗೆ ಇನ್ನೂರು ರೂಪಾಯಿ ಚಿಲ್ಲರೆ. ವಾಡಿಯಲ್ಲಿ ರೈಲು ಮುಕ್ಕಾಲು ಗಂಟೆ ಸುಮ್ಮನೆ ನಿಂತಿತು. ತಾಂಡೂರು ದಾಟಿದ ಮೇಲೆ ಬೋಗಿಯ ಮಾತೆಲ್ಲ ತೆಲುಗಿಗೆ ತಿರುಗಿತು. ನಾಂಪಲ್ಲಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ, ಬಿಸಿಲು ಆಗಲೇ ಏಪ್ರಿಲಿನದ್ದು. ಕಾಲು ಕೂಡಿಸುವ ಶಿಬಿರ ಇದ್ದದ್ದು ಕುಷಾಯಿಗೂಡದ ಒಂದು ಸಮುದಾಯ ಭವನದಲ್ಲಿ. ಎರಡು ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಲು ಎರಡು ತಾಸು ಹಿಡಿಯಿತು. ಸೊಂಟ ಹಿಡಿದುಕೊಂಡಿತ್ತು.

ಕಾಲು ಮಾಡುವ ಮಾರ್ಟಿನ್ ಅರವತ್ತರ ಸಮೀಪದವರು, ಎತ್ತರದ ಆಳು, ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಅವರ ಜೊತೆಗಿದ್ದ ಫಿಸಿಯೋ ಹೆಲೆನ್‌ಗೆ ಮೂವತ್ತೈದರ ವಯಸ್ಸು. ಬಂದ ಮೂರು ದಿನಕ್ಕೇ ಹೊಟ್ಟೆ ಕೆಟ್ಟು, ಮಜ್ಜಿಗೆ ಅನ್ನದ ಮೇಲೆಯೇ ದಿನ ತಳ್ಳಿದರು. ಇಬ್ಬರೂ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಕೂತರೆ ಸಂಜೆ ಆರರವರೆಗೆ ಏಳುತ್ತಿರಲಿಲ್ಲ. ಮೊಂಡುಗಾಲಿಗೆ ಪ್ಲಾಸ್ಟರಿನ ಅಚ್ಚು, ಅಚ್ಚಿನಿಂದ ಮೊಂಡು ಕೂರುವ ಬಟ್ಟಲು, ಬಟ್ಟಲಿಗೆ ಕೊಳವೆ, ಕೊಳವೆಗೆ ರಬ್ಬರಿನ ಪಾದ. ಆರು ದಿನಕ್ಕೆ ಇಪ್ಪತ್ತಾರು ಕಾಲುಗಳು. ಇಷ್ಟು ಶ್ರದ್ಧೆಯ ಕೆಲಸವನ್ನು ನನ್ನ ನೌಕರಿಯಲ್ಲಿ ನಾನು ಹೆಚ್ಚು ನೋಡಿಲ್ಲ. ಇದನ್ನು ಮುಂದಿನದಕ್ಕಿಂತ ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಇದು ಮರೆತುಹೋಗಬಹುದು.

ಕಾಲು ಹಾಕಿಸಿಕೊಳ್ಳಲು ಬಂದವರಿಗೆಲ್ಲ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಪುಕ್ಕಟೆ. ಸ್ಕಾಟ್ಲೆಂಡಿನ ಯಾವುದೋ ಊರಿನ ಜನ ಹಣ ಕೂಡಿಸಿ ಕೊಟ್ಟದ್ದು. ಆ ಶೂ ತೊಡಿಸಿಯೇ ಕಾಲು ಹೊಂದಿಸುತ್ತಿದ್ದರು, ಶೂ ತೊಡಿಸಿಯೇ ಕಂಬಿಗಳ ನಡುವೆ ನಡೆಸುತ್ತಿದ್ದರು. ಭವನದ ಬಾಗಿಲಲ್ಲಿ ಮಾತ್ರ ಚಪ್ಪಲಿಗಳ ರಾಶಿ. ಒಳಗೆ ಚಪ್ಪಲಿ ಹಾಕಬಾರದೆಂದು ಯಾರೂ ಹೇಳಿರಲಿಲ್ಲ, ಯಾರೂ ಹಾಕಿಕೊಂಡು ಬರಲೂ ಇಲ್ಲ. ಬಿಳಿ ಶೂ ಹೊಸದು, ಬೀದಿ ಮುಟ್ಟದ್ದು, ಅದಕ್ಕೆ ನಡೆಯಿತು. ನಾನೂ ದಿನಾ ನನ್ನ ಚಪ್ಪಲಿಯನ್ನು ಆ ರಾಶಿಯ ಪಕ್ಕ ಬಿಟ್ಟು ಒಳಗೆ ಹೋದೆ.

ಪ್ರತಿಯೊಬ್ಬರಿಗೂ ಒಂದು ನಮೂನೆ ತುಂಬಬೇಕಿತ್ತು. ಆರನೆಯ ಕಾಲಂ: ಧರಿಸುವ ಪಾದರಕ್ಷೆ. ಇಪ್ಪತ್ತಾರು ಹಾಳೆಗಳಲ್ಲೂ 'ಕ್ಯಾನ್ವಾಸ್ ಶೂ' ಎಂದು ಬರೆದ ಅಕ್ಷರ ನನ್ನದು.

ಕಾಶಿಬಾಯಿಯ ಹಾಳೆ ಹದಿನಾಲ್ಕನೆಯದು. ಐವತ್ತೆರಡು ವಯಸ್ಸು. ಅಜ್ಜನ ಕಾಲಕ್ಕೆ ಬಸವಕಲ್ಯಾಣದ ಕಡೆಯಿಂದ ಬಂದ ಮನೆತನ. ಬೀದಿಯಲ್ಲಿ ತೆಲುಗು, ಹಿಂದಿ, ಮನೆಯೊಳಗೆ ಕನ್ನಡ. ಹಾಸ್ಟೆಲಿನಲ್ಲಿ ಹದಿನೇಳು ವರ್ಷ ಅಡುಗೆ ಮಾಡಿದವರು. ಹಿಂದಿನ ವರ್ಷ ಸಕ್ಕರೆ ಕಾಯಿಲೆಯ ಹುಣ್ಣು ಏರಿ, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು.

ಭಾನುವಾರ ಶಿಬಿರಕ್ಕೆ ಬಿಡುವು. ಕಾಶಿಬಾಯಿ ಊಟಕ್ಕೆ ಕರೆದಿದ್ದರು. ಬೇಗಂ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಮೆಣಸಿನಕಾಯಿ ಗೋದಾಮಿನ ಪಕ್ಕದ ಒಂದೂವರೆ ಕೋಣೆ. ಸೀನುತ್ತ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಪುಂಡಿಪಲ್ಯ.

"ಇಲ್ಲಿ ಮಂದಿ ಇದಕ್ಕ ಗೋಂಗೂರ ಅಂತಾರ. ಹೆಸರ ಬದಲಾದ್ರ ಹುಳಿ ಬದಲಾಗತೈತೇನ್ರಿ ಡಾಕ್ಟರ್ರ?"

"ನಾ ಡಾಕ್ಟರ್ ಅಲ್ರಿ ಕಾಶಕ್ಕ."

"ಬಿಳಿ ಕೋಟ್ ಹಾಕ್ಕೊಂಡೀರಿ, ಇಂಗ್ಲೀಷ್ ಮಾತಾಡ್ತೀರಿ. ನನಗ ಅಷ್ಟ ಸಾಕು. ಇನ್ನೊಂದ್ ರೊಟ್ಟಿ ಹಾಕ್ಕೋರಿ."

ಬಡಿಸುತ್ತಲೇ ಹೇಳಿದರು, "ವಾರ್ಡನ್ ಮೇಡಂ ಗುರುವಾರದ ಮಟಾ ಜಾಗಾ ಹಿಡದಿಟ್ಟಾರ್ರಿ. ಎರಡು ಕಾಲ ಮ್ಯಾಲೆ ನಿಂತು ಅಡಗಿ ಮಾಡಿ ತೋರ್ಸು, ಇಲ್ಲಂದ್ರ ಬ್ಯಾರೆಯವ್ರನ್ನ ಇಡ್ತೀನಿ ಅಂದಾರ. ಹಾಸ್ಟೆಲ್ ಬಿಟ್ರ ನನಗ ಬ್ಯಾರೆ ಮನಿ ಇಲ್ರಿ. ಇದು ಬರೇ ಮಲಗೂ ಜಾಗಾ."

ಮಂಗಳವಾರ ಅವರ ಕಾಲು ತಯಾರಾಯಿತು. ಕಂಬಿ ಬಿಟ್ಟು ಇಪ್ಪತ್ತು ಹೆಜ್ಜೆ ನಡೆದರು. ಹೆಲೆನ್ ಚಪ್ಪಾಳೆ ತಟ್ಟಿದರು. ದಾನಿಗಳಿಗೆ ಕಳಿಸಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಆ ಫೋಟೊ ನನ್ನ ಹತ್ತಿರ ಇದೆ. ಎಲ್ಲರ ಕಾಲಲ್ಲೂ ಬಿಳಿ ಶೂ.

ಬುಧವಾರ ಹೆಲೆನ್ ಸಾಮಾನು ಕಟ್ಟಲು ಉಳಿದರು. ಅಡುಗೆಮನೆ ನೋಡಿ, ಬೇಕಾದ ಸಲಹೆ ಕೊಡೋಣವೆಂದು ಮಾರ್ಟಿನ್ ಮತ್ತು ನಾನು ಕ್ಯಾಬಿನಲ್ಲಿ ನಾರಾಯಣಗೂಡಕ್ಕೆ ಹೋದೆವು. ಕಾಶಿಬಾಯಿ ಹಾಸ್ಟೆಲಿನ ಗೇಟಿನಲ್ಲಿ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಸೀರೆ, ಬಿಳಿ ಶೂ. ನಡಿಗೆ ಚೆನ್ನಾಗಿತ್ತು. ನಿನ್ನೆ ಮನೆಯಲ್ಲಿ ಕಾಲು ಹಾಕಿಕೊಂಡು ಓಡಾಡಿದಿರಾ ಎಂದು ಕೇಳಿದೆ.

"ಇಲ್ರೀ, ಹೊಸಾದ್ ಹೊಲಸಾಗತೈತಿ ಅಂತ ಅರಬ್ಯಾಗ ಸುತ್ತಿ ಇಟ್ಟಿದ್ದೆ."

ಅಡುಗೆಮನೆಯ ಹೊಸ್ತಿಲ ಬಳಿ ಒಂದು ಸ್ಟೂಲ್ ಇತ್ತು. ಕಾಶಿಬಾಯಿ ಅದರ ಮೇಲೆ ಕೂತು ಎರಡೂ ಶೂ ಬಿಚ್ಚಿದರು. ರಬ್ಬರಿನ ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಶೂಗಳನ್ನು ಜೋಡಿಸಿ ಗೋಡೆಗೆ ಒತ್ತಿಟ್ಟರು. ನಾನು ನೋಡುತ್ತಿದ್ದೆ. ಅನ್ನ ಬೇಯುವ ಒಲೆಯ ಹತ್ತಿರ ಯಾರೂ ಪಾದರಕ್ಷೆ ಹಾಕುವುದಿಲ್ಲ. ಅದು ನನಗೆ ಎಷ್ಟು ಸಹಜವೆಂದರೆ, ಏನೋ ನಡೆಯುತ್ತಿದೆ ಎಂದೇ ಅನ್ನಿಸಲಿಲ್ಲ.

ಮೊದಲ ಹೆಜ್ಜೆ ಸರಿಯಿತ್ತು. ಎರಡನೆಯದಕ್ಕೆ ಮೊಣಕಾಲು ಹಿಂದಕ್ಕೆ ತಳ್ಳಿಸಿಕೊಂಡಿತು. ಮೂರನೆಯದಕ್ಕೆ ಕಾಶಿಬಾಯಿ ಬೆನ್ನು ಹಿಂದಾಗಿ ವಾಲಿದರು. ಆಸರೆಗೆಂದು ಎಡಗೈ ಕಟ್ಟೆಯ ಕಡೆ ಚಾಚಿತು, ಸಿಕ್ಕಿದ್ದು ಬೇಳೆಯ ಪಾತ್ರೆಯಲ್ಲಿದ್ದ ಸೌಟು. ಪಾತ್ರೆ ಓರೆಯಾಯಿತು. ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಲಕ್ಷ್ಮಮ್ಮ "ಅಯ್ಯೋ ಅಕ್ಕಾ!" ಎಂದು ಕೂಗಿ ಸೊಂಟ ಹಿಡಿದೆಳೆಯದಿದ್ದರೆ ಎಲ್ಲವೂ ಮೈಮೇಲೆ ಬೀಳುತ್ತಿತ್ತು. ಕುದಿಯುವ ಬೇಳೆ ಬಿದ್ದದ್ದು ಮುಂಗೈ ಮೇಲೆ, ಮೊಣಕೈವರೆಗೆ. ಕಾಶಿಬಾಯಿ ನೆಲದ ಮೇಲೆ ಕೂತು ಕೃತಕ ಕಾಲನ್ನೇ ನೋಡುತ್ತಿದ್ದರು, ಪರಿಚಯದವರೇ ಪೆಟ್ಟು ಕೊಟ್ಟರೇನೋ ಎಂಬಂತೆ.

ನಲ್ಲಿಯ ಕೆಳಗೆ ಕೈ ಹಿಡಿಸಿದೆವು, ಇಪ್ಪತ್ತು ನಿಮಿಷ. ವಾರ್ಡನ್ ಸುಜಾತಾ ಮೇಡಂ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಕೆಟ್ಟವರಲ್ಲ, ಮುಖ ಬಿಳುಚಿತ್ತು. "ನಹೀ ಹೋಗಾ ಸಾಬ್, ಆಗುವುದಿಲ್ಲ. ಹಾಸ್ಟೆಲಿನಲ್ಲಿ ಎಂಬತ್ತು ಹುಡುಗಿಯರಿದ್ದಾರೆ, ಕುದಿಯುವ ಪಾತ್ರೆಗಳಿವೆ. ನಾಳೆ ಇದಕ್ಕಿಂತ ದೊಡ್ಡದಾದರೆ ಜವಾಬ್ದಾರಿ ಯಾರದ್ದು?" ಎಂದು ಹಿಂದಿಯಲ್ಲಿ ಕೇಳಿದರು.

ಮಾರ್ಟಿನ್ ಹೊರಗೆ ಹೋದರು. ಹೋಗಿ ನೋಡಿದರೆ ಬಿಳಿ ಶೂ ಕೈಯಲ್ಲಿ ಹಿಡಿದು ನಿಂತಿದ್ದರು. ಅದರ ಹಿಮ್ಮಡಿ ಮುಂಭಾಗಕ್ಕಿಂತ ಒಂದು ಬೆರಳು ಎತ್ತರ. ಕಾಲನ್ನು ಆ ಎತ್ತರಕ್ಕೆ ಹೊಂದಿಸಲಾಗಿತ್ತು. ಶೂ ಬಿಚ್ಚಿದರೆ ಹಿಮ್ಮಡಿ ಒಂದು ಬೆರಳು ಕುಸಿದು, ಇಡೀ ಕಾಲು ಹಿಂದಕ್ಕೆ ವಾಲಿ, ಮೊಣಕಾಲನ್ನು ತಳ್ಳುತ್ತದೆ. ಇದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಓದಿನ ಮೊದಲ ವರ್ಷದ ಪಾಠ.

"ನಮ್ಮಲ್ಲಿ ಅಡುಗೆಮನೆಗೂ ಶೂ ಹಾಕುತ್ತಾರೆ" ಎಂದರು. ಶೂವಿನ ಹಿಮ್ಮಡಿಯ ಮೇಲೆ ಬೆರಳಾಡಿಸಿ, "ನಾನು ಕೇಳಬೇಕಿತ್ತು."

"ನಾನು ಹೇಳಬೇಕಿತ್ತು" ಎಂದೆ. ಆರನೆಯ ಕಾಲಂ ತುಂಬಿದವನು ನಾನು. ಆ ಹೊತ್ತಿಗೆ ನನ್ನ ಚಪ್ಪಲಿಯೂ ಅದೇ ಗೋಡೆಗೆ ಒರಗಿ ಬಿದ್ದಿತ್ತು.

ಮಾರ್ಟಿನ್ ತಮ್ಮ ಬೂಟು, ಕಾಲುಚೀಲ ಬಿಚ್ಚಿ ಒಳಗೆ ಬಂದರು. ಬೇಳೆ ಒರೆಸಿದ ನೆಲ ಇನ್ನೂ ಜಿಗುಟಾಗಿತ್ತು. ಮಂಡಿಯೂರಿ, ಜೇಬಿನಿಂದ ಸ್ಕ್ರೂ ತಿರುಗಿಸುವ ಕೀಲಿ ತೆಗೆದು, ನನ್ನ ಮೂಲಕ ಕಾಶಿಬಾಯಿಗೆ ಹೇಳಿದರು, "ಇದನ್ನು ಶೂಗೆ ಕೂಡಿಸಬಹುದು, ಇಲ್ಲವೇ ಬರಿ ನೆಲಕ್ಕೆ. ಎರಡಕ್ಕೂ ಆಗದು. ನೀವೇ ಆರಿಸಬೇಕು."

ಕಾಶಿಬಾಯಿ ಸುಟ್ಟ ಕೈಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡೇ ಕೇಳಿದರು, "ಇವರ ದೇಶದಾಗ ಮಲಗೂವಾಗರೆ ಬೂಟ್ ಬಿಚ್ತಾರೋ ಇಲ್ಲೋ ಕೇಳ್ರಿ."

ಕೇಳಿದೆ. "ಶನಿವಾರ ಕುಡಿದು ಬಂದವರು ಬಿಚ್ಚುವುದಿಲ್ಲ" ಎಂದರು ಮಾರ್ಟಿನ್. ಕಾಶಿಬಾಯಿ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

"ರಸ್ತಾ ನನಗ ದಿನಕ್ಕ ಒಂದ್ ತಾಸು. ಅಡಗಿಮನಿ ಹತ್ತು ತಾಸು. ನೆಲಕ್ಕ ಕೂಡಸ್ರಿ. ರಸ್ತಾಕ್ಕ ಕೋಲು ಹಿಡಕೊಂಡು ಹೋಗ್ತೀನಿ."

ನಾಲ್ಕು ಸ್ಕ್ರೂ. ಸಡಿಲಿಸಿ, ನಿಲ್ಲಿಸಿ, ನೋಡಿ, ಬಿಗಿದು, ಮತ್ತೆ ಸಡಿಲಿಸಿ ಒಂದು ಗಂಟೆ ಹಿಡಿಯಿತು. ಕೊನೆಗೆ ಕಾಶಿಬಾಯಿ ಕಟ್ಟೆಯಿಂದ ಕಪಾಟಿಗೆ, ಕಪಾಟಿನಿಂದ ನಲ್ಲಿಗೆ ಹನ್ನೊಂದು ಸಲ ನಡೆದರು. ನಾನು ಎಣಿಸಿದೆ. ಸುಜಾತಾ ಮೇಡಂ ಕೈ ಕಟ್ಟಿ ನೋಡುತ್ತಿದ್ದರು. "ಕಲ್ ಆವೋ, ದೇಖೇಂಗೆ", ನಾಳೆ ಬಾ, ನೋಡೋಣ, ಎಂದು ಒಳಗೆ ಹೋದರು.

ಗುರುವಾರ ಕಾಶಿಬಾಯಿ ಒಂದೇ ಕೈಯಲ್ಲಿ ಎಂಬತ್ತು ಜನರ ಅನ್ನ ಸಾರು ಮಾಡಿದರು, ಲಕ್ಷ್ಮಮ್ಮ ಪಾತ್ರೆ ಎತ್ತಿಕೊಟ್ಟಳು. ಕೆಲಸ ಉಳಿಯಿತು. ಆದರೆ ಇನ್ನೂ ಇಪ್ಪತ್ತೈದು ಕಾಲುಗಳು ಇಪ್ಪತ್ತೈದು ಹೊಸ್ತಿಲುಗಳನ್ನು ದಾಟಿ ಒಳಗೆ ಹೋಗಿದ್ದವು. ಹೆಲೆನ್ ಶುಕ್ರವಾರ ಹೊರಡಲೇಬೇಕಿತ್ತು. ಮಾರ್ಟಿನ್ ವಿಮಾನದ ಟಿಕೆಟ್ ಮುಂದೂಡಿ ಐದು ದಿನ ಉಳಿದರು. ನಾನೂ ಉಳಿದೆ. ದಿನವಿಡೀ ಫೋನ್ ಮಾಡಿದೆ. ಹದಿನೆಂಟು ಜನ ಬಂದರು, ಬರಿಗಾಲಿಗೆ ಹೊಂದಿಸಿ ಕಳಿಸಿದೆವು. ಮೂವರು ಕಾಲನ್ನು ಆಗಲೇ ಅಟ್ಟಕ್ಕೆ ಹಾಕಿದ್ದರು, ಬರಲು ಒಪ್ಪಲಿಲ್ಲ. ನಾಲ್ವರ ಫೋನ್ ಹತ್ತಲೇ ಇಲ್ಲ. ಆ ನಾಲ್ವರು ಎಲ್ಲಿ, ಹೇಗೆ ನಡೆಯುತ್ತಿದ್ದಾರೋ ನನಗೆ ಇವತ್ತಿಗೂ ತಿಳಿಯದು.

ಬುಧವಾರ ಬೆಳಿಗ್ಗೆ ನಾಂಪಲ್ಲಿಯಲ್ಲಿ ರೈಲು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತ್ತು, ಹೊರಗೆ ನೋಡುವ ತ್ರಾಣ ಇರಲಿಲ್ಲ. ವಿಕಾರಾಬಾದಿನ ತನಕ ನಿದ್ದೆ ಮಾಡಿದೆ. ಮನೆ ಮುಟ್ಟಿ, ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಂದು ಕ್ಷಣ ನಿಂತೆ. ಈಗಲೂ ನಿಲ್ಲುತ್ತೇನೆ.

ಆ ಅಡುಗೆಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ಐದು ಜನ. ಮಾರ್ಟಿನ್ ಈಗಿಲ್ಲ. ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಯಿತೆಂದು ಹೆಲೆನ್ ಬರೆದರು, ಶಿಬಿರದ ನಮೂನೆಯಲ್ಲಿ ಈಗ ಏಳನೆಯ ಕಾಲಂ ಇದೆ ಎಂದೂ ಬರೆದರು: ಮನೆಯೊಳಗೆ ಬರಿಗಾಲೇ? ಸುಜಾತಾ ಮೇಡಂ ಬೇರೆ ಹಾಸ್ಟೆಲಿಗೆ ಹೋಗಿದ್ದಾರೆ. ಲಕ್ಷ್ಮಮ್ಮ ಅಲ್ಲೇ ಇದ್ದಾಳೆ, ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾಳೆ. ನಾನಿದ್ದೇನೆ. ಕಾಶಿಬಾಯಿ ಇದ್ದಾರೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅದೇ ಒಲೆಯ ಮುಂದೆ, ಬರಿಗಾಲಲ್ಲಿ, ಬೇಳೆ ತಿರುವುತ್ತಿರುತ್ತಾರೆ.